ಮೂರನೇ ತರಗತಿಯ ಪೋಷಕರಿಗೆ: ನೋಟ್‌ಬುಕ್ಕಿನಲ್ಲಿ ಕಾಣದ ಪಾಠದ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ನನ್ನ ಕೊಠಡಿಗೆ ಬಂದು, ದನಿ ತಗ್ಗಿಸಿ, ಮೂರನೇ ತರಗತಿಯ ವಿಷಯ ಎತ್ತಿದಿರಿ. ಒಬ್ಬರು ಮಗಳ ಗಣಿತದ ನೋಟ್‌ಬುಕ್ ಬಿಡಿಸಿ ತೋರಿಸಿದರು. ಹದಿನೈದು ದಿನಕ್ಕೆ ಆರೇ ಪುಟ. "ಇವಳ ಅಕ್ಕನ ಕಾಲದಲ್ಲಿ ಇಷ್ಟೊತ್ತಿಗೆ ಒಂದು ಪುಸ್ತಕ ಮುಗಿದಿತ್ತು ಮೇಡಂ" ಎಂದರು. ಇನ್ನೊಬ್ಬರಿಗೆ, ತಪ್ಪು ಲೆಕ್ಕದ ಮೇಲೆ ಒಂದು ಕೆಂಪು ಗೆರೆಯೂ ಇಲ್ಲವಲ್ಲ, ಟೀಚರ್ ನೋಡಿದ್ದಾರೋ ಇಲ್ಲವೋ ಎಂಬ ಅನುಮಾನ. ಮತ್ತೊಬ್ಬರ ಮಗ ಮನೆಗೆ ಹೋಗಿ, "ಇವತ್ತು ಮಿಸ್ ಏನೂ ಹೇಳಿಕೊಡಲಿಲ್ಲ, ನಾವೇ ಮಾತಾಡಿದ್ವಿ" ಅಂದನಂತೆ.

ನೀವು ಕೇಳಿದ್ದು ಒಳ್ಳೆಯದೇ ಆಯಿತು. ನಿಂತ ಕಾಲಲ್ಲಿ ಏನೋ ಒಂದು ಉತ್ತರ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮರುವಾರ ಐದು ದಿನ, ಬಾಗಿಲು ತೆಗೆಯುವ ಹೊತ್ತಿನಿಂದ ಊಟದ ಬಿಡುವು ಕಳೆದು ಇನ್ನೊಂದು ಅವಧಿ ಮುಗಿಯುವವರೆಗೆ, ಆ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಪತ್ರ ಸ್ವಲ್ಪ ಉದ್ದವಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಬೆಳಗ್ಗೆ ಟೀಚರ್ ಬಾಗಿಲಲ್ಲೇ ನಿಂತಿರುತ್ತಾರೆ. ಒಳಗೆ ಬರುವ ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಮಗು ಚೀಲವನ್ನು ಅದರ ಜಾಗದಲ್ಲಿಟ್ಟು, ನೀರಿನ ಬಾಟಲಿಯನ್ನು ಕಿಟಕಿ ಕಟ್ಟೆಯ ಮೇಲೆ ಇರಿಸಿ, ಗೋಡೆಯ ಚಾರ್ಟಿನಲ್ಲಿ ತನ್ನ ಹೆಸರಿನ ಚೀಟಿಯನ್ನು 'ಬಂದಿದ್ದೇನೆ' ಎಂಬ ಕಡೆಗೆ ಸರಿಸಿ, ಕೂತು, ಸ್ಲೇಟು ತೆಗೆಯುತ್ತದೆ. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದಿರುತ್ತದೆ: ನಿನ್ನೆಯ ಪಾಠದಿಂದ ಒಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಪುಸ್ತಕ ತೆರೆಯುವಂತಿಲ್ಲ, ನೆನಪಿನಿಂದಲೇ ಬರೆಯಬೇಕು. ಸೋಮವಾರ ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಮೊದಲ ಹತ್ತು ನಿಮಿಷ ಟೀಚರ್ ಇಡೀ ಕ್ಲಾಸಿಗೆ 'ಕೂತ್ಕೊಳ್ಳಿ' ಎಂದಾಗಲಿ, 'ಪುಸ್ತಕ ತೆಗೀರಿ' ಎಂದಾಗಲಿ ಒಂದು ಸಲವೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಆ ಹೊತ್ತನ್ನು ಅವರು ಮಕ್ಕಳ ಮುಖ ನೋಡುವುದಕ್ಕೆ ಇಟ್ಟುಕೊಂಡಿದ್ದಾರೆ. ಯಾರಿಗೆ ನಿದ್ದೆ ಸಾಲದಾಗಿದೆ, ಯಾರ ಮೈ ಬೆಚ್ಚಗಿದೆ, ಯಾರು ಅಳು ನುಂಗಿಕೊಂಡು ಬಂದಿದ್ದಾರೆ ಎಂಬುದು ಹಾಜರಿ ಮುಗಿಯುವ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.

ಇದು ತಾನಾಗಿ ಬಂದದ್ದಲ್ಲ. ವರ್ಷದ ಮೊದಲ ಮೂರು ವಾರ ಅವರು ಇದನ್ನೇ ಕಲಿಸಿದರು. ಒಳಗೆ ಬರುವುದು ಹೇಗೆ, ಪುಸ್ತಕ ದಾಟಿಸುವುದು ಹೇಗೆ, ಅರ್ಥವಾಗದಿದ್ದರೆ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಕೇಳುವುದು ಹೇಗೆ ಎಂದು ಮಾಡಿ ತೋರಿಸಿದರು, ಮಾಡಿಸಿದರು, ಸರಿಯಾಗದಿದ್ದರೆ ಮತ್ತೆ ಮಾಡಿಸಿದರು. 'ಪಾಠವೇ ಶುರುವಾಗಿಲ್ಲ' ಎಂದು ಆಗ ಕೆಲವರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆ ಮೂರು ವಾರವೂ ಪಾಠವೇ ಆಗಿತ್ತು. ಎಂಟು ವರ್ಷದ ಮಗು ಒಮ್ಮೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಬಹಳ ಕಡಿಮೆ. ಈಗ ಏನು ಮಾಡಬೇಕು, ಪೆನ್ಸಿಲ್ ಎಲ್ಲಿ, ಮಿಸ್ ಬೈತಾರಾ ಎಂಬುದರಲ್ಲೇ ಅದು ತುಂಬಿಹೋದರೆ ಕಳೆಯುವ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ದಿನವೂ ಒಂದೇ ಕ್ರಮ ಇರುವುದರಿಂದಲೇ ಈ ಮಕ್ಕಳ ಗಮನ ಪೂರ್ತಿಯಾಗಿ ಹೊಸ ಪಾಠಕ್ಕೆ ಸಿಗುತ್ತಿದೆ. ಈ ಪತ್ರದಲ್ಲಿ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಪುಸ್ತಕ ಮುಚ್ಚಿ ಬರೆಸುವುದು ಮಕ್ಕಳಿಗೆ ಹಿಂಸೆಯಲ್ಲವೇ ಎಂದೂ ಒಬ್ಬರು ಕೇಳಿದ್ದಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಉಳಿದವರಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಅದು ದೊಡ್ಡವರ ವಿಷಯ, ನಿಜ. ಆದರೆ ಹೋದ ತಿಂಗಳ ಪ್ರಶ್ನೆಗೆ ನಮ್ಮ ಮೂವತ್ತೆರಡು ಮಕ್ಕಳ ಸ್ಲೇಟಿನಲ್ಲಿ ಎಷ್ಟು ಉತ್ತರ ಬರುತ್ತಿದೆ ಎಂಬುದನ್ನು ನಾನೇ ಓಡಾಡಿ ನೋಡಿದ್ದೇನೆ. ಬರದ ಮಗುವಿಗೆ ಅಂಕವೂ ಇಲ್ಲ, ಬೈಗುಳವೂ ಇಲ್ಲ. ಸ್ಲೇಟು ಒರೆಸಿದರೆ ಆಯಿತು, ಅದೇ ಪ್ರಶ್ನೆ ಬುಧವಾರ ಮತ್ತೆ ಬರುತ್ತದೆ.

ಈಗ ಆ ಆರು ಪುಟದ ವಿಷಯಕ್ಕೆ ಬರುತ್ತೇನೆ.

ಮಂಗಳವಾರ ಗಣಿತದ ಅವಧಿ. ಟೀಚರ್ ಬೋರ್ಡಿನ ಮೇಲೆ 52ರಲ್ಲಿ 27 ಕಳೆದರೆ 35 ಎಂದು ಬರೆದರು. ಹಿಂದಿನ ದಿನ ಆರೇಳು ಮಕ್ಕಳ ಸ್ಲೇಟಿನಲ್ಲಿ ಬಂದಿದ್ದ ಉತ್ತರ ಅದು. ಯಾರ ಹೆಸರನ್ನೂ ಹೇಳಲಿಲ್ಲ. "ಈ ಉತ್ತರ ಬರೆದವರು ಏನು ಯೋಚನೆ ಮಾಡಿರಬಹುದು?" ಎಂದು ಕೇಳಿ ಸುಮ್ಮನಾದರು. ಎದ್ದು ಬಂದ ನಾಲ್ಕು ಕೈಗಳತ್ತ ನೋಡಿ ನಕ್ಕರೇ ಹೊರತು ಯಾರನ್ನೂ ಕರೆಯಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ, ಏಳರವರೆಗೆ ಬಂದೆ. ಆ ಮೌನದಲ್ಲಿ ಕೂತಿರುವುದು ದೊಡ್ಡವರಿಗೇ ಕಷ್ಟ. ಅಷ್ಟರಲ್ಲಿ ಎಂದೂ ಕೈ ಎತ್ತದ ಒಬ್ಬ ಹುಡುಗ ಅರ್ಧ ಕೈ ಎತ್ತಿದ. "ಅವರು ದೊಡ್ಡದರಲ್ಲಿ ಚಿಕ್ಕದು ಕಳೆದಿದ್ದಾರೆ ಮಿಸ್. ಏಳರಲ್ಲಿ ಎರಡು ಹೋದರೆ ಐದು."

ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಬಹಳಷ್ಟು ಕ್ಲಾಸುಗಳ ಮಾತನ್ನು ಟೇಪ್ ಮಾಡಿ ಕೇಳಿ, 1970ರ ದಶಕದಲ್ಲಿ ಬರೆದದ್ದು ನನಗೆ ಆಗ ನೆನಪಾಯಿತು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಆ ಹುಡುಗನಿಗೆ ಬೇಕಾಗಿದ್ದದ್ದು ಆ ಏಳು ಸೆಕೆಂಡು. ಮೊದಲ ಕೈಯನ್ನೇ ಕರೆದಿದ್ದರೆ ಉತ್ತರ ಬರುತ್ತಿತ್ತು, ಅವನು ಮಾತ್ರ ಆ ದಿನವೂ ಸುಮ್ಮನೇ ಮನೆಗೆ ಹೋಗುತ್ತಿದ್ದ.

ಆಮೇಲೆ ಕಡ್ಡಿಗಳು ಬಂದವು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಜೊತೆಗೆ ಎರಡು ಬಿಡಿ. ಇದರಲ್ಲಿ ಇಪ್ಪತ್ತೇಳು ತೆಗೆಯಬೇಕು. ನನ್ನ ಮುಂದಿನ ಬೆಂಚಿನ ಹುಡುಗಿ ಬಿಡಿಯಾಗಿದ್ದ ಎರಡು ಕಡ್ಡಿ ತೆಗೆದಳು, ನಿಂತಳು. ಕಟ್ಟನ್ನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಪಕ್ಕದವಳ ಕಡೆ ನೋಡಿದಳು, ಅವಳದ್ದೂ ಅದೇ ಸ್ಥಿತಿ. ಕೊನೆಗೆ, "ಮಿಸ್, ರಬ್ಬರ್ ಬ್ಯಾಂಡ್ ಬಿಚ್ಚಬಹುದಾ?" ಎಂದಳು. "ಬಿಚ್ಚಿ ನೋಡು, ಏನಾಗುತ್ತೆ ಹೇಳು" ಎಂದರು ಟೀಚರ್. ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಹನ್ನೆರಡರಲ್ಲಿ ಏಳು ತೆಗೆದಳು, ಐದು ಉಳಿಯಿತು. ಎರಡು ಕಟ್ಟು ತೆಗೆದಳು, ಎರಡು ಕಟ್ಟು ಉಳಿಯಿತು. ಇಪ್ಪತ್ತೈದು. ಯಾರೂ ಹೇಳದೆಯೇ ತೆಗೆದದ್ದನ್ನೂ ಉಳಿದದ್ದನ್ನೂ ಒಟ್ಟು ಸೇರಿಸಿ, ಐವತ್ತೆರಡು ಬರುತ್ತದೋ ಇಲ್ಲವೋ ಎಂದು ಎಣಿಸಿ ನೋಡಿಕೊಂಡಳು.

ನಾವೆಲ್ಲ ಇದನ್ನು 'ಪಕ್ಕದ ಮನೆಯಿಂದ ಒಂದು ಕಡ ತಗೋ' ಎಂದು ಕಲಿತವರು. ಮನೆಯಲ್ಲಿ ನೀವೂ ಹಾಗೇ ಹೇಳಿಕೊಟ್ಟಿರುತ್ತೀರಿ. ಗುರುವಾರ ಒಬ್ಬ ಹುಡುಗ ಅದನ್ನೇ ಎತ್ತಿಕೊಂಡು ಕೇಳಿದ: "ಕಡ ತಗೊಂಡ್ರೆ ವಾಪಸ್ ಕೊಡಬೇಕಲ್ಲ ಮಿಸ್, ಯಾವಾಗ ಕೊಡೋದು?" ಎಷ್ಟು ಸರಿಯಾದ ಪ್ರಶ್ನೆ. ಅಲ್ಲಿ ಕಡವೂ ಇಲ್ಲ, ಪಕ್ಕದ ಮನೆಯೂ ಇಲ್ಲ, ಬಿಚ್ಚಿದ ಒಂದು ಕಟ್ಟು ಇದೆ ಅಷ್ಟೆ. ಕಟ್ಟು ಬಿಚ್ಚಿ ನೋಡಿದ ಮಗುವಿಗೆ ಮುಂದೆ ಮೂರಂಕಿಯ ಲೆಕ್ಕ ಬಂದಾಗ ಹೊಸ ಸೂತ್ರ ಬೇಕಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಲೆಕ್ಕ ಬರೆಸಿದರು. ನಿಮ್ಮ ಕಣ್ಣಿಗೆ ಬೀಳುವುದು ಆ ಮೂರು ಲೆಕ್ಕ ಮಾತ್ರ.

ಕೆಂಪು ಗೆರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಟೀಚರ್ ಪ್ರತಿ ಪುಸ್ತಕವನ್ನೂ ಪ್ರತಿ ದಿನ ನೋಡುತ್ತಾರೆ. ಲೆಕ್ಕ ಎಲ್ಲಿ ದಾರಿ ತಪ್ಪಿದೆಯೋ ಆ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾರೆ. ಮರುದಿನ ಮಗು ಆ ಚುಕ್ಕೆಯ ಸಾಲಿಗೆ ಹೋಗಿ ತಪ್ಪನ್ನು ತಾನೇ ಹುಡುಕಬೇಕು. ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಕೆಂಪು ಶಾಯಿಯನ್ನೇ ಬಳಸಿದೆ. ರಾತ್ರಿ ಕೂತು ಪುಟ ಪುಟಕ್ಕೂ ಗೀಟು ಹಾಕುತ್ತಿದ್ದೆ, ಮಕ್ಕಳು ಬೆಳಗ್ಗೆ ಅಂಕ ನೋಡಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ನನ್ನ ಆ ಶ್ರಮವೆಲ್ಲ ಅವರ ಕಲಿಕೆಗೆ ಎಷ್ಟು ದಕ್ಕಿತು ಎಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನೊಂದು ಮಾತು. ಐದು ದಿನದಲ್ಲಿ ಅವರ ಬಾಯಲ್ಲಿ 'ಜಾಣ', 'ಜಾಣೆ' ಎಂಬ ಪದ ಬರಲಿಲ್ಲ. "ಕಟ್ಟು ಬಿಚ್ಚಿ ನೋಡಿದೆಯಲ್ಲ, ಅದು ಒಳ್ಳೇ ಯೋಚನೆ" ಎನ್ನುತ್ತಾರೆ, "ಎರಡನೇ ಸಲ ಎಣಿಸಿದೆ, ಅದಕ್ಕೇ ಸಿಕ್ಕಿತು" ಎನ್ನುತ್ತಾರೆ. ಮ್ಯೂಲರ್ ಮತ್ತು ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಆಮೇಲೆ ಸುಲಭದ ಕೆಲಸವನ್ನೇ ಹೆಚ್ಚಾಗಿ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಬೇಗ ಕೈಬಿಟ್ಟರು. ಶ್ರಮಕ್ಕೆ ಹೊಗಳಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರು. ಮನೆಯಲ್ಲಿ ನೀವು ಮುದ್ದಿನಿಂದ ಜಾಣ ಮರಿ ಎನ್ನುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಮಗು ಏನು ಮಾಡಿತೋ ಅದನ್ನೂ ಹೆಸರಿಟ್ಟು ಹೇಳಿ.

ಊಟದ ಬಿಡುವಿನ ನಂತರ ಇಪ್ಪತ್ತು ನಿಮಿಷ ಕಥೆ ಓದುತ್ತಾರೆ. ಮಕ್ಕಳ ಕೈಯಲ್ಲಿ ಪುಸ್ತಕ ಇರುವುದಿಲ್ಲ, ಬರೀ ಕಿವಿ. ಅದಾದ ಮೇಲೆ ಎಲ್ಲರೂ ತಮ್ಮ ತಮ್ಮ ಪುಸ್ತಕ ಓದಿಕೊಳ್ಳುವಾಗ ಟೀಚರ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ ಕೇಳುತ್ತಾರೆ. ಒತ್ತಕ್ಷರದಲ್ಲಿ ಎಡವುವವರು ಯಾರು, ಅಕ್ಷರ ಸರಿ ಓದಿಯೂ ಅರ್ಥ ಹಿಡಿಯದವರು ಯಾರು ಎಂಬುದು ಅವರ ಚಿಕ್ಕ ಪುಸ್ತಕದಲ್ಲಿ ದಾಖಲಾಗಿದೆ. ಮುಂದಿನ ಸಭೆಯಲ್ಲಿ ಅದನ್ನು ಕೇಳಿ ನೋಡಿ.

ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಅಕ್ಷರ ದುಂಡಗಾಗುತ್ತಿಲ್ಲ ಎಂಬ ನಿಮ್ಮ ದೂರು ನಿಜ. ಅದನ್ನು ಟೀಚರ್ ಬಳಿ ಮಾತಾಡಿದ್ದೇನೆ, ಸೋಮವಾರದಿಂದ ದಿನಕ್ಕೆ ಹತ್ತು ನಿಮಿಷ ಕಾಪಿ ಬರೆಸುತ್ತಾರೆ. ಕ್ಲಾಸಿನಲ್ಲಿ ನಡೆಯುವುದು ಮನೆಗೆ ಗೊತ್ತಾಗುತ್ತಿಲ್ಲ ಎಂಬುದೂ ನಿಜ, ಅದರಲ್ಲಿ ತಪ್ಪು ನಮ್ಮದು. ಇನ್ನು ಮೇಲೆ ಪ್ರತಿ ಶುಕ್ರವಾರ ಮಗು ತನ್ನ ಕೈಯಾರೆ ಅರ್ಧ ಹಾಳೆ ಬರೆದು ತರುತ್ತದೆ: ಈ ವಾರ ಏನು ಗೊತ್ತಾಯಿತು, ಏನು ಇನ್ನೂ ಗೊತ್ತಾಗಿಲ್ಲ. ಓದಿ ಸಹಿ ಮಾಡಿ ಕಳಿಸಿ. ಕಾಗುಣಿತ ತಿದ್ದಬೇಡಿ.

ನಿಮ್ಮಿಂದಲೂ ಕೆಲವು ಆಗಬೇಕು. ಬುಧವಾರ ಒಂದು ಮಗು ಕಾಲು ಗಂಟೆ ತಡವಾಗಿ ಬಂತು. ಬೋರ್ಡಿನ ಮೂರು ಪ್ರಶ್ನೆ ಆಗಲೇ ಒರೆಸಿಹೋಗಿದ್ದವು. ಚೀಲ ಬೆನ್ನಲ್ಲೇ ಇಟ್ಟುಕೊಂಡು ಬೋರ್ಡನ್ನೇ ನೋಡುತ್ತಾ ನಿಂತುಬಿಟ್ಟಿತು. ಟೀಚರ್ ಕರೆದು ಕೂರಿಸಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು, ಆದರೂ ಗಣಿತದ ಅವಧಿ ಅರ್ಧ ಮುಗಿಯುವವರೆಗೆ ಆ ಮಗು ಕ್ಲಾಸಿನ ಜೊತೆ ಸೇರಲಿಲ್ಲ. ಬೆಳಗಿನ ಹೊತ್ತು ಮನೆಯಲ್ಲಿ ಹೇಗಿರುತ್ತದೆ ಎಂದು ನನಗೆ ಗೊತ್ತು, ಯಾರನ್ನೂ ದೂರುತ್ತಿಲ್ಲ. ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲು ಮಗು ಬಾಗಿಲಲ್ಲಿದ್ದರೆ ಸಾಕು.

ಮನೆಕೆಲಸಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ನಿಲ್ಲಿಸಿಬಿಡಿ. ಮಗು ಎಲ್ಲಿ ನಿಂತಿತೋ ಅಲ್ಲಿ ನೀವೇ ಒಂದು ಚುಕ್ಕೆ ಇಟ್ಟು ಕಳಿಸಿ. ಉತ್ತರವನ್ನು ದಯವಿಟ್ಟು ನೀವು ಬರೆಯಬೇಡಿ. ಮಗುವಿನ ತಪ್ಪು ಕಣ್ಣಿಗೆ ಬೀಳದಿದ್ದರೆ ಟೀಚರ್ ಮರುದಿನ ಎಲ್ಲಿಂದ ಶುರು ಮಾಡಬೇಕು? ಸಂಜೆ 'ಇವತ್ತು ಏನು ಹೇಳಿಕೊಟ್ಟರು?' ಎಂದು ಕೇಳಿದರೆ 'ಏನಿಲ್ಲ' ಎಂಬ ಉತ್ತರ ಬರುವುದು ಸಹಜ. 'ಇವತ್ತು ಯಾವುದು ಕಷ್ಟ ಆಯ್ತು?' ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ.

ಇಷ್ಟು ಓದಿಯೂ ಸಮಾಧಾನ ಆಗದಿದ್ದರೆ ಬಂದು ನೋಡಿ. ಮಂಗಳವಾರ ಮತ್ತು ಗುರುವಾರ ಮೊದಲ ಎರಡು ಅವಧಿಗೆ ಇಬ್ಬಿಬ್ಬರು ಪೋಷಕರು ಕ್ಲಾಸಿನ ಹಿಂದೆ ಕೂರಬಹುದು. ಹಿಂದಿನ ದಿನವೇ ಆಫೀಸಿನಲ್ಲಿ ಹೆಸರು ಬರೆಸಿ. ಮೊಬೈಲ್ ಹೊರಗಿರಲಿ. ನಿಮ್ಮ ಮಗು ಉತ್ತರಕ್ಕಾಗಿ ತಡವರಿಸುವಾಗ ಹಿಂದಿನಿಂದ ಸನ್ನೆ ಮಾಡಬೇಡಿ, ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬೆಂಚು ಮಕ್ಕಳ ಅಳತೆಯದ್ದು, ಮಂಡಿ ನೋವಿರುವವರು ಮೊದಲೇ ತಿಳಿಸಿದರೆ ಕುರ್ಚಿ ಹಾಕಿಸಿರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ