ಬೂಷ್ಟು ಹಿಡಿದ ದ್ರಾಕ್ಷಿಗೆ ಪರಿಹಾರ ಕೋರಿ

ಇವರಿಗೆ,
ವ್ಯವಸ್ಥಾಪಕರು, ಕೋಲ್ಡ್ ಸ್ಟೋರೇಜ್, ಚಿಕ್ಕಬಳ್ಳಾಪುರ

ಮಾನ್ಯರೆ,

ನಿಮ್ಮಲ್ಲಿಟ್ಟ ನಮ್ಮ ದ್ರಾಕ್ಷಿಗೆ ಬೂಷ್ಟು ಹಿಡಿದಿದೆ, ಪರಿಹಾರ ಕೊಡಿ ಎಂದು ಫೋನಿನಲ್ಲಿ ಕೇಳಿಕೊಂಡಿದ್ದು ಸಾಕಾಯಿತು. ಕರಾರಿನಲ್ಲಿ ಇರುವುದು 0ರಿಂದ 1 ಡಿಗ್ರಿ, ಶೇ 90ರಿಂದ 95 ತೇವಾಂಶ, ಪ್ರತಿ ಬಾಕ್ಸಿಗೂ ಸಲ್ಫರ್ ಡೈಆಕ್ಸೈಡ್ ಪ್ಯಾಡ್. ನಮ್ಮ ಶರದ್ ತಳಿಯ ಕಪ್ಪು ದ್ರಾಕ್ಷಿಯ ಬಾಕ್ಸುಗಳಲ್ಲಿ ಪ್ಯಾಡೇ ಇರಲಿಲ್ಲ. ಲೋಡಿಂಗ್ ಹೊತ್ತಿನಲ್ಲಿ ಬಾಗಿಲು ತೆರೆದೇ ಇಟ್ಟರೆ ತಣ್ಣಗಿನ ಹಣ್ಣಿನ ಮೇಲೆ ನೀರು ಕೂರುತ್ತದೆ, ಬೊಟ್ರೈಟಿಸ್ ಎಂಬ ಬೂಷ್ಟು ಮೊಳೆಯಲು ಅಷ್ಟು ಸಾಕು. ಆ ಬೂಷ್ಟು 0 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಪ್ಯಾಡ್ ಇಡುವುದೇ ಅದಕ್ಕೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ.

ಕೌಂಟರಿನಲ್ಲಿ ನಾಲ್ಕು ಜನ ರೈತರ ಎದುರು ನಿಮ್ಮ ಸೂಪರ್‌ವೈಸರ್ ಒಂದು ಹಣ್ಣು ಎತ್ತಿಕೊಂಡು, ಬೂಷ್ಟನ್ನು ಟವೆಲ್ಲಿನಿಂದ ಒರೆಸಿ, "ಏನಾಗಿದೆಯಪ್ಪಾ ಇದಕ್ಕೆ? ಜ್ಯೂಸಿಗೆ ಹಾಕು" ಎಂದರು. ಅದೇ ಹಣ್ಣನ್ನು ನಾನು ಹೆಬ್ಬೆರಳಿನಿಂದ ಒತ್ತಿದೆ. ಸಿಪ್ಪೆ ತಿರುಳು ಬಿಟ್ಟು ಜಾರಿ ಬಂತು. ಒಳಗೆ ಕಂದು. ಅವರು ಅತ್ತ ನೋಡದೆ ಲ್ಯಾಬ್ ರಿಪೋರ್ಟನ್ನು ಮೇಜಿನ ಮೇಲೆ ಎಸೆದು, "ಓದೋಕೆ ಬರುತ್ತಾ? ಒಟ್ಟು ಫಿನಾಲ್ ಜಾಸ್ತಿನೇ ಇದೆ" ಎಂದರು. ಆಗ ಹಿಂದೆ ನಿಂತವರು ನಕ್ಕರು.

ಓದಲು ಬರುತ್ತದೆ. ಫಿನಾಲ್ ಎಂದರೆ ಹಣ್ಣಿಗೆ ಬಣ್ಣ, ಒಗರು ಕೊಡುವ ವಸ್ತುಗಳ ಗುಂಪು; ಅದು ಜಾಸ್ತಿ ಇದ್ದರೆ ಹಣ್ಣು ಚೆನ್ನಾಗಿದೆ ಎಂಬುದು ಅವರ ವಾದ. ಸೋಂಕು ತಗುಲಿದ ಶುರುವಿನಲ್ಲಿ ಹಣ್ಣು ತನ್ನ ರಕ್ಷಣೆಗೆ ರೆಸ್ವೆರಟ್ರಾಲ್‌ನಂಥ ಫಿನಾಲ್ ತಯಾರಿಸಿಕೊಳ್ಳುತ್ತದೆ. ಸೋಂಕು ಬಲಿತಂತೆ ಬೂಷ್ಟಿನ ಲ್ಯಾಕೇಸ್ ಕಿಣ್ವ ಅದನ್ನೂ, ಕಪ್ಪು ಬಣ್ಣ ಕೊಡುವ ಆಂಥೋಸಯನಿನ್‌ಗಳನ್ನೂ ಆಕ್ಸಿಡೀಕರಿಸಿ ಕೆಡಿಸುತ್ತದೆ. ಮೇಲಾಗಿ, ಒಟ್ಟು ಫಿನಾಲ್ ಅಳೆಯುವ ಫೋಲಿನ್ ದ್ರಾವಣ ಫಿನಾಲ್ ಒಂದನ್ನೇ ಹಿಡಿಯುವುದಿಲ್ಲ. ವಿಟಮಿನ್ ಸಿ, ಕೆಡದಂತೆ ಹಾಕುವ ಸಲ್ಫೈಟ್, ಸಕ್ಕರೆ ಕೂಡ ಅದರ ಲೆಕ್ಕಕ್ಕೆ ಸೇರುತ್ತವೆ. ಆ ಒಂದು ಅಂಕಿ ಹಿಡಿದು ಹಣ್ಣು ಚೆನ್ನಾಗಿದೆ ಎನ್ನುವುದು ತಪ್ಪು. ಜ್ಯೂಸಿಗೆ ಹಾಕಿದರೂ ಲ್ಯಾಕೇಸ್ ಸುಮ್ಮನಿರದು. ರಸ ಕಂದಾಗಿಸುವ ದ್ರಾಕ್ಷಿಯ ಸ್ವಂತ ಕಿಣ್ವವನ್ನು ತಡೆಯುವಷ್ಟು ಸಲ್ಫೈಟಿಗೆ ಅದು ಬಗ್ಗುವುದಿಲ್ಲ, ರಸ ಕಂದಾಗುತ್ತಲೇ ಹೋಗುತ್ತದೆ. ಅದನ್ನು ಯಾರು ಕೊಳ್ಳುತ್ತಾರೆ?

ಉಳಿದ ಬಾಕ್ಸುಗಳಿಂದ ನನ್ನ ಎದುರೇ ಮಾದರಿ ತೆಗೆಯಿರಿ. ಆಂಥೋಸಯನಿನ್ನನ್ನು ಪಿಎಚ್ 1.0 ಮತ್ತು 4.5ರಲ್ಲಿ, 520 ಮತ್ತು 700 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಅಳೆಸಿ. ಲ್ಯಾಕೇಸ್‌ಗೆ ಸಿರಿಂಗಾಲ್ಡಜೀನ್ ಪರೀಕ್ಷೆ ಆಗಲಿ. ಬೂಷ್ಟು ಕಂಡ ಹಣ್ಣನ್ನು ಆರಿಸಿ ಎಸೆದು ಮಿಕ್ಕಿದ್ದರ ಮಾದರಿ ಕಳಿಸಿದರೆ ನಾನು ಒಪ್ಪುವುದಿಲ್ಲ. ಛೇಂಬರಿನ ಉಷ್ಣಾಂಶದ ದಾಖಲೆಯೂ ತಿದ್ದದೆ ಬರಬೇಕು.

ಪರಿಹಾರದ ಬಗ್ಗೆ 15 ದಿನದೊಳಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮುಂದಿನ ಹಂಗಾಮಿಗೆ ನಮ್ಮ ಊರಿನಿಂದ ಒಂದು ಗೊಂಚಲೂ ನಿಮ್ಮಲ್ಲಿಗೆ ಬರದಂತೆ ಮನೆಮನೆಗೂ ಹೇಳುತ್ತೇನೆ.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ