ಗೆಳೆಯನಿಗೊಂದು ಪತ್ರ: ಎಂಬತ್ತನಾಲ್ಕು ನಿಮಿಷ

ಬೆಂಗಳೂರು
13 ಏಪ್ರಿಲ್ 2025, ಬೆಳಗಿನ ಜಾವ ಮೂರು ಗಂಟೆ

ಲೋ ಮಗಾ,

ನಿನ್ ಮೆಸೇಜ್ ನೋಡ್ದೆ. "ಸೋತ್ವಾ?" ಅಂತ ಒಂದೇ ಪದ. ಟೊರೊಂಟೊಲಿ ನಿನ್ಗೆ ಬೆಳಗ್ಗೆ ಹತ್ತು ಗಂಟೆಗೆ ಮ್ಯಾಚ್ ಶುರು, ಶನಿವಾರ ಬೇರೆ ರಜೆ, ಆದ್ರೂ ನೋಡಿಲ್ಲ ಅಂದ್ರೆ ನೀನು ಬುದ್ಧಿವಂತ ಆಗಿದೀಯ ಅಂತ ಅರ್ಥ. ನಾನಿನ್ನೂ ಆಗಿಲ್ಲ. ಹ್ಞೂಂ ಕಣೋ, ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಫೈನಲಲ್ಲಿ ನಮ್ ಬೆಂಗಳೂರು ಎಫ್‌ಸಿ ಸೋತ್ವಿ. 2-1, ಎಕ್ಸ್‌ಟ್ರಾ ಟೈಮಲ್ಲಿ, ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಮಲ್ಲಿ, ಅಲ್ಲಿನ ಮೋಹನ್ ಬಗಾನ್ ಕೈಲಿ. ಮತ್ತೆ ಅವರ ಕೈಲೇ.

ನಿದ್ದೆ ಬರ್ತಿಲ್ಲ, ಅದಕ್ಕೆ ಬರೀತಿದೀನಿ. ಫೋನ್ ಮಾಡಿದ್ರೆ ನೀನು "ಹೋಗ್ಲಿ ಬಿಡೋ" ಅಂತೀಯ, ಆ ಮಾತು ಈಗ ಕೇಳೋ ಮೂಡಲ್ಲಿ ನಾನಿಲ್ಲ.

ನೋಡೋಕೆ ಹೋಗಿದ್ದು ಎಲ್ಲಿ ಗೊತ್ತಾ, ನಮ್ಮನೆ ಹಿಂದಿನ ರೋಡಿನ ಬಾರ್ ಅಂಡ್ ರೆಸ್ಟೋರೆಂಟು. ಐದು ಟಿವಿ ಇದೆ. ಐದರಲ್ಲೂ ಐಪಿಎಲ್, ಹೈದರಾಬಾದ್-ಪಂಜಾಬ್ ಮ್ಯಾಚು. ಬೆಂಗಳೂರಲ್ಲಿ ಕೂತು, ಬೆಂಗಳೂರು ಟೀಮು ಫೈನಲ್ ಆಡ್ತಿರೋವಾಗ, ಆ ಎರಡು ಊರಿನ ಮ್ಯಾಚ್ ನೋಡೋ ಜನ! ಸಪ್ಲೈಯರ್ ಹುಡುಗನ್ನ ಕರ್ದು ಅಣ್ಣಾ ಒಂದು ಟಿವಿಗೆ ಫುಟ್‌ಬಾಲ್ ಹಾಕಪ್ಪಾ ಅಂದ್ರೆ "ಯಾವ ಫುಟ್‌ಬಾಲ್ ಸಾರ್, ರೊನಾಲ್ಡೊನಾ?" ಅಂದ. ಇಲ್ಲಪ್ಪ ಬಿಎಫ್‌ಸಿ, ಸುನಿಲ್ ಛೆಟ್ರಿ ಆಡೋ ನಮ್ಮೂರ ಟೀಮು ಅಂದೆ. ಪಾಪ ಅವನು ಓನರ್‌ನ ಕೇಳಿ, ಕೈ ತೊಳಿಯೋ ಬೇಸಿನ್ ಮೇಲಿರೋ ಚಿಕ್ಕ ಟಿವಿಗೆ ಹಾಕ್ಕೊಟ್ಟ, ಸೌಂಡ್ ಮಾತ್ರ ಇಲ್ಲ. ಹಂಗಾಗಿ ಫೈನಲ್ ನಾನು ಮೂಕಿ ಸಿನಿಮಾ ಥರ ನೋಡಿದೀನಿ, ಮಧ್ಯೆ ಮಧ್ಯೆ ಚಿಲ್ಲಿ ಚಿಕನ್ ತಿಂದೋರು ಬಂದು ಅಡ್ಡ ನಿಂತ್ಕೊಂಡು ಕೈ ತೊಳ್ಕೊಂಡು ಹೋಗೋರು.

ಫಸ್ಟ್ ಹಾಫ್ ಚೆನ್ನಾಗೇ ಆಡಿದ್ರು ಕಣೋ. ಸೆಕೆಂಡ್ ಹಾಫ್ ಶುರುವಾಗಿ ನಾಕು ನಿಮಿಷ, ರಯಾನ್ ವಿಲಿಯಮ್ಸ್ ಬಲಗಡೆಯಿಂದ ಕ್ರಾಸ್ ಹಾಕ್ದ, ಅವರ ಡಿಫೆಂಡರ್ ಆಲ್ಬರ್ಟೊ ರೋಡ್ರಿಗಸ್ ಕಾಲಿಗೆ ತಾಗಿ ಅವರದೇ ಗೋಲ್ ಒಳಗೆ ಹೋಯ್ತು. 49ನೇ ನಿಮಿಷ, 1-0, ನಾವು ಮುಂದೆ. ಅರವತ್ತು ಸಾವಿರದ ಹತ್ರ ಜನ ಇರೋ ಸ್ಟೇಡಿಯಂ, ನನ್ ಟಿವಿಲಿ ಸೌಂಡೇ ಇಲ್ಲ, ಆದ್ರೂ ಅದು ಮೌನ ಆಗಿದ್ದು ನಂಗೆ ಕೇಳಿಸ್ತು ಅಂದ್ರೆ ನಂಬು.

ಈಗ ನಿಜ ಹೇಳ್ತೀನಿ, ಯಾರಿಗೂ ಹೇಳ್ಬೇಡ. ಆ ಗೋಲ್ ಆದಾಗ ನಾನು ಎದ್ದು ಕುಣೀಲಿಲ್ಲ. ಹೊಟ್ಟೆ ಒಳಗೆ ತಣ್ಣಗಾಯ್ತು. ಅಯ್ಯೋ ಇಷ್ಟು ಬೇಗ ಯಾಕಪ್ಪ ಹಾಕಿದ್ರಿ ಅನ್ನಿಸ್ತು. ಇನ್ನೂ ನಲವತ್ತು ನಿಮಿಷ ಕಾಯ್ಬೇಕಲ್ಲ ಇದನ್ನ. ಗಡಿಯಾರ ನೋಡ್ದೆ, ನೋಡ್ಬಾರ್ದಿತ್ತು.

ಯಾಕೆ ಅಂತ ನಿಂಗೆ ಬಿಡಿಸಿ ಹೇಳ್ಬೇಕಾಗಿಲ್ಲ, ನೀನು ಅಲ್ಲೇ ಇದ್ದೆ. 2015 ಮೇ 31, ಕಂಠೀರವ, ಆಗಿನ ದೇಶದ ದೊಡ್ಡ ಲೀಗು ಐ-ಲೀಗ್‌ನ ಕೊನೇ ಮ್ಯಾಚು, ಗೆದ್ರೆ ನಾವು ಚಾಂಪಿಯನ್, ಡ್ರಾ ಆದ್ರೆ ಬಗಾನ್ ಚಾಂಪಿಯನ್. ಆ ಮಳೆ! ನೀನು ಹೆಲ್ಮೆಟ್ ಹಾಕ್ಕೊಂಡೇ ಸ್ಟ್ಯಾಂಡಲ್ಲಿ ನಿಂತಿದ್ದೆ, ಹಿಂದಿನೋರು ತೆಗೀರಿ ಸಾರ್ ಕಾಣ್ತಿಲ್ಲ ಅಂತ ಬೈತಿದ್ರು. 41ನೇ ನಿಮಿಷಕ್ಕೆ ಜಾನ್ ಜಾನ್ಸನ್ ಗೋಲ್ ಹಾಕ್ದ, ಮುಗೀತು ಕಪ್ ನಮ್ದೇ ಅಂತ ನಾವಿಬ್ರೂ ನೆಂದ ಕಡ್ಲೆಕಾಯಿ ಹಂಚ್ಕೊಂಡು ತಿಂದ್ವಿ. 87ನೇ ನಿಮಿಷದವರೆಗೂ ಅದು ನಮ್ದೇ ಆಗಿತ್ತು. ಒಂದು ಕಾರ್ನರು, ಬಗಾನ್‌ನ ಬೆಲ್ಲೊ ರಜಾಕ್ ತಲೆ, 1-1, ಅಷ್ಟೇ. ಆಮೇಲೆ ನೀನು ಒದ್ದೆ ಟಿಕೆಟ್‌ನ ಮಡಚಿ ಪರ್ಸಲ್ಲಿ ಇಟ್ಕೊಂಡೆ, "ಮುಂದಿನ ವರ್ಷ ಗೆದ್ಮೇಲೆ ಇದನ್ನ ತೆಗ್ದು ನಗೋಣ" ಅಂತ. ಮುಂದಿನ ವರ್ಷ ಐ-ಲೀಗ್ ಗೆದ್ವಿ ಕೂಡ, ಆದ್ರೆ ಆ ಟಿಕೆಟ್ ನೀನು ತೆಗ್ದಿದ್ದು ನಾನಂತೂ ನೋಡಿಲ್ಲ.

ಅಲ್ಲಿಂದ ಶುರುವಾಗಿದ್ದು ಕಣೋ ಈ ಕಾಯಿಲೆ. 2018ರ ಫೈನಲ್ ನೆನಪಿದ್ಯಾ? ನಮ್ ಮೊದಲನೇ ಐಎಸ್ಎಲ್ ಸೀಸನ್, ಟೇಬಲಲ್ಲಿ ಎರಡನೇ ಟೀಮಿಗಿಂತ ಎಂಟು ಪಾಯಿಂಟ್ ಮೇಲೆ, ಫೈನಲ್ಲು ನಮ್ಮನೇಲೇ, ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಉದಾಂತ ಕ್ರಾಸು, ಛೆಟ್ರಿ ಡೈವ್ ಹೊಡ್ದು ಹೆಡರು, ಇಡೀ ಸ್ಟೇಡಿಯಂ ಒಂದೇ ಗಂಟಲು. 17ನೇ ನಿಮಿಷಕ್ಕೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರಲ್ಲಿ ತಲೆ ಕೊಟ್ಟ, ಹಾಫ್‌ಟೈಮಿಗೆ ಮುಂಚೆ ಇನ್ನೊಂದು ಸಲ ಅದೇ ಥರ ಕೊಟ್ಟ. 3-2 ಸೋತ್ವಿ. 2020ರ ಸೆಮಿಫೈನಲ್ ಹೇಳೋದೇ ಬೇಡ, ಎಟಿಕೆ ಮೇಲೆ ಇಲ್ಲಿ 1-0 ಗೆದ್ಕೊಂಡು ಕೋಲ್ಕತ್ತಾಕ್ಕೆ ಹೋಗಿ ಐದೇ ನಿಮಿಷಕ್ಕೆ ನಮ್ ಆಶಿಕ್ ಇನ್ನೊಂದು ಹಾಕಿ ಒಟ್ಟು 2-0 ಇದ್ದಿದ್ದು 2-3 ಆಯ್ತು. 2023, ಗೋವಾದ ಫತೋರ್ಡಾ, ಐಎಸ್ಎಲ್ ಫೈನಲ್ಲು, 78ನೇ ನಿಮಿಷ ನಮ್ ರಾಯ್ ಕೃಷ್ಣ ತನ್ನ ಹಳೇ ಟೀಮು ಬಗಾನ್ ಮೇಲೇ ಹೆಡರ್ ಹಾಕಿ 2-1 ಮಾಡ್ದ, ಏಳು ನಿಮಿಷಕ್ಕೆ ಅವರಿಗೆ ಪೆನಾಲ್ಟಿ, ಪೆಟ್ರಾಟಸ್ ಗೋಲು, ಆಮೇಲೆ ಶೂಟೌಟಲ್ಲಿ 4-3. ಹೋದ ಆಗಸ್ಟಲ್ಲಿ ಡುರಾಂಡ್ ಕಪ್ ಸೆಮಿಫೈನಲ್, ಇದೇ ಸಾಲ್ಟ್ ಲೇಕು, ಇದೇ ಬಗಾನು, ಛೆಟ್ರಿ ಒಂದು ವಿನೀತ್ ಒಂದು ಹಾಕಿ 2-0 ಇದ್ವಿ ಮಗಾ, ಎರಡು ಸೊನ್ನೆ! ಅದನ್ನೂ 2-2 ಮಾಡ್ಕೊಂಡು ಶೂಟೌಟಲ್ಲಿ 4-3 ಸೋತ್ಬಂದ್ರು.

ನೀನು ಈಗ ಸುಮ್ನಿರಲ್ಲ ಅಂತ ಗೊತ್ತು, 2019ರಲ್ಲಿ ಐಎಸ್ಎಲ್ ಗೆದ್ದಿಲ್ವಾ, 2017ರಲ್ಲಿ ಕಟಕ್‌ನಲ್ಲಿ ಬಗಾನ್‌ನೇ ಹೊಡ್ದು ಫೆಡರೇಷನ್ ಕಪ್ ತಂದಿಲ್ವಾ ಅಂತೀಯ. ತಂದಿದೀವಿ. ಆದ್ರೆ ನೋಡು, ಕಟಕ್‌ನಲ್ಲಿ ವಿನೀತ್ ಗೋಲ್ ಹಾಕಿದ್ದು ಎಕ್ಸ್‌ಟ್ರಾ ಟೈಮಲ್ಲಿ (ಅವನು ಬೇರೆ ವಿನೀತ್, ಸಿ.ಕೆ. ವಿನೀತ್). 2019ರಲ್ಲಿ ಗೋವಾ ಮೇಲೆ ರಾಹುಲ್ ಭೇಕೆ ಹೆಡರ್ ಬಿದ್ದಿದ್ದು 117ನೇ ನಿಮಿಷಕ್ಕೆ. ಲೀಡ್ ಕಾಪಾಡ್ಕೊಳ್ಳೋಕೆ ಟೈಮೇ ಇರ್ಲಿಲ್ಲ, ಅದಕ್ಕೇ ಗೆದ್ವಿ ಅಂತ ನನ್ ಥಿಯರಿ. ನಗ್ಬೇಡ, ಈ ರಾತ್ರಿ ಪೂರ್ತಿ ಕೂತು ಲೆಕ್ಕ ಹಾಕಿದೀನಿ. 2015ರಲ್ಲಿ 46 ನಿಮಿಷ ನಾವು ಮುಂದಿದ್ವಿ, 2018ರಲ್ಲಿ 8, 2023ರಲ್ಲಿ 7, ನಿನ್ನೆ 23. ಕಪ್ ಕೈಗೆ ಬರ್ಬೇಕಾಗಿದ್ದ ನಾಕು ಮ್ಯಾಚು, ಎಲ್ಲಾ ಸೇರಿ ಎಂಬತ್ತನಾಲ್ಕು ನಿಮಿಷ ನಾವು ಚಾಂಪಿಯನ್ ಆಗಿದ್ವಿ. ಒಂದು ಮ್ಯಾಚಿಗೆ ಆರು ನಿಮಿಷ ಕಮ್ಮಿ.

ನಿನ್ನೆ ಆ 23 ನಿಮಿಷದಲ್ಲಿ ಏನಾಯ್ತು ಅಂದ್ರೆ ಹೊಸದೇನೂ ಆಗ್ಲಿಲ್ಲ, ಅದೇ ನಂಗೆ ಉರಿ. ಗೋಲ್ ಬಿದ್ದ ತಕ್ಷಣ ಲೈನು ನಿಧಾನಕ್ಕೆ ಹಿಂದೆ ಸರ್ಯೋಕೆ ಶುರು. ಯಾರೂ ಹೇಳ್ಕೊಟ್ಟಿರಲ್ಲ, ಮನಸ್ಸಿನ ಭಯ ಕಾಲಿಗೆ ಇಳ್ಯುತ್ತೆ ಅಷ್ಟೇ. ವಿಂಗ್ ಕಡೆಯವರು ಡಿಫೆಂಡರ್ ಆಗ್ಬಿಡ್ತಾರೆ, ಡಿಫೆಂಡರ್‌ಗಳು ಗೋಲ್‌ಕೀಪರ್ ಗುರ್‌ಪ್ರೀತ್ ಮಡಿಲಲ್ಲಿ ಕೂತಿರ್ತಾರೆ, ಸಿಕ್ಕಿದ ಬಾಲ್‌ನ ದೂರಕ್ಕೆ ಒದೀತಾರೆ, ಅಲ್ಲಿ ನಮ್ಮೋನು ಒಬ್ನೇ ಒಬ್ಬ, ಅವರು ಮೂರು ಜನ, ಬಾಲು ಮತ್ತೆ ವಾಪಸ್. ಅಲೆ ಥರ ಬರ್ತಾನೇ ಇರುತ್ತೆ. ಅಷ್ಟು ಸಲ ಬಾಕ್ಸ್ ಒಳಗೆ ಬಾಲ್ ಬಂದ್ರೆ ಒಂದು ಸಲ ಯಾರ್ದೋ ಕೈಗೆ ತಾಗೇ ತಾಗುತ್ತೆ. ತಾಗ್ತು. ನಮ್ ಡಿಫೆಂಡರ್ ಸನಾ ಕೈಗೆ. ಹ್ಯಾಂಡ್‌ಬಾಲ್, 72ನೇ ನಿಮಿಷ, ಅವರ ಕಮಿಂಗ್ಸ್ ಪೆನಾಲ್ಟಿ, 1-1. ಪಾಪ ಸನಾನ ಬೈಯೋಕೆ ಮನಸ್ಸಿಲ್ಲ, ಸೀಸನ್ ಪೂರ್ತಿ ಮೈ ಅಡ್ಡ ಕೊಟ್ಟ ಮನುಷ್ಯ. ರೆಫರಿ ಕಥೆ ಈ ಸಲ ಎತ್ತಲ್ಲ, ವಿಎಆರ್ (ವಿಡಿಯೋ ನೋಡಿ ತೀರ್ಪು ಹೇಳೋದು) ಇಲ್ಲದ ಲೀಗಲ್ಲಿ ಅದನ್ನ ಶುರು ಮಾಡಿದ್ರೆ ಬೆಳಗಾಗುತ್ತೆ.

ಎಕ್ಸ್‌ಟ್ರಾ ಟೈಮಿಗೆ ಹೋದಾಗ ಪಕ್ಕದ ದೊಡ್ಡ ಸ್ಕ್ರೀನಲ್ಲಿ ಅಭಿಷೇಕ್ ಶರ್ಮಾ ಹೊಡ್ಯೋಕೆ ಶುರು ಹಚ್ಕೊಂಡಿದ್ದ, 246 ಚೇಸ್ ಮಾಡ್ಬೇಕು, ಬಾರೆಲ್ಲ ಶಿಳ್ಳೆ. 96ನೇ ನಿಮಿಷ ನಮ್ ಬಾಕ್ಸ್ ಒಳಗೆ ಬಗಾನ್‌ನ ಮ್ಯಾಕ್ಲಾರನ್‌ಗೆ ಬಾಲ್ ಸಿಕ್ತು, ಒಳಗೆ ತಳ್ಳಿದ, ಕರೆಕ್ಟಾಗಿ ಅದೇ ಹೊತ್ತಿಗೆ ಹಿಂದೆ ಯಾರೋ ಸಿಕ್ಸ್‌ಗೆ ಹೋ ಅಂತ ಕಿರುಚಿದ್ರು. ಒಂದು ಕ್ಷಣ ಅನ್ನಿಸ್ತು ಇವರೆಲ್ಲ ಬಗಾನ್ ಫ್ಯಾನ್ಸಾ ಅಂತ. ಬೇಸಿನ್ ಹತ್ರ ಒಬ್ರು ವಯಸ್ಸಾದೋರು ಕೈ ಒರೆಸ್ಕೊಳ್ತಾ ನನ್ ಮುಖ ನೋಡಿ "ಯಾರಾದ್ರೂ ಹೋಗ್ಬಿಟ್ರಾ ಸಾರ್?" ಅಂದ್ರು. ಇಲ್ಲ ಯಜಮಾನ್ರೇ, ಮ್ಯಾಚು ಅಂದೆ. "ಓ ಮ್ಯಾಚಾ" ಅಂತ ಸಮಾಧಾನವಾಗಿ ಸೋಂಪು ಹಾಕ್ಕೊಂಡು ಹೋದ್ರು.

ಮೆಡಲ್ ಕೊಡೋದು ನೋಡ್ಲಿಲ್ಲ, ಬಿಲ್ ಕೊಟ್ಟು ಎದ್ಬಂದೆ. ಛೆಟ್ರಿ ಮುಖ ನೋಡೋ ಧೈರ್ಯ ಇರ್ಲಿಲ್ಲ. ಹೋದ ವರ್ಷ ಜೂನಲ್ಲಿ ಇಂಡಿಯಾಗೆ ಆಡೋದು ಸಾಕು ಅಂತ ಇದೇ ಗ್ರೌಂಡಲ್ಲಿ ಕುವೈತ್ ಮೇಲೆ ಆಡಿ ವಿದಾಯ ಹೇಳಿದ್ದ, ಈ ಮಾರ್ಚಲ್ಲಿ ಮತ್ತೆ ಕರೆಸ್ಕೊಂಡ್ರು, ನಲವತ್ತು ವರ್ಷ ಕಣೋ ಅವನಿಗೆ, ನಮಗಿಂತ ದೊಡ್ಡೋನು. ನಂಗೆ ಮೆಟ್ರೊ ಮೆಟ್ಟಿಲು ಹತ್ತಿದ್ರೆ ಮಂಡಿ ನೋಯುತ್ತೆ. ಹೋದ ಭಾನುವಾರ ರಾಮನವಮಿ ದಿನ ಅವನು ಹಾಕಿದ ಹೆಡರ್ ನೋಡಿದ್ಯಾ? ಸೆಮಿಫೈನಲ್ ಸೆಕೆಂಡ್ ಲೆಗ್ಗು, ಇಲ್ಲಿ 2-0 ಗೆದ್ದಿದ್ವಿ, ಗೋವಾದಲ್ಲಿ ಅದನ್ನೂ ಕೈ ಬಿಟ್ರು, 88ನೇ ನಿಮಿಷಕ್ಕೆ ಒಟ್ಟು 2-2. ನಾನು ಟಿವಿ ಮುಂದೆ ಪಾನಕದ ಲೋಟ ಹಿಡ್ಕೊಂಡು ಕೂತಿದ್ದೆ, ಅಮ್ಮ ಕೋಸಂಬರಿ ಹಾಕ್ಲಾ ಅಂತ ಮೂರು ಸಲ ಕೇಳಿದ್ರು, ಉತ್ತರ ಕೊಟ್ಟಿಲ್ಲ. 90 ಪ್ಲಸ್ 2, ಛೆಟ್ರಿ ತಲೆ, ಗೋಲು! ಪಾನಕ ಪೂರ್ತಿ ಸೋಫಾ ಮೇಲೆ. ಆ ಬೆಲ್ಲದ ಅಂಟು ಇವತ್ತಿಗೂ ಹೋಗಿಲ್ಲ, ಹೆಂಡ್ತಿ ದಿನಾ ಆ ಜಾಗ ಒರೆಸ್ವಾಗ ನನ್ನ ನೋಡ್ತಾಳೆ. ಆಗ್ಲೂ ನೋಡು, ಗೆದ್ದಿದ್ದು ಯಾಕೆ? ಲೀಡ್ ಕಳ್ಕೊಂಡ್ಮೇಲೆ, ಟೈಮ್ ಇಲ್ಲದಾಗ.

ಆಫೀಸಲ್ಲಿ ಒಬ್ಬ ಬಂಗಾಲಿ ಇದಾನೆ, ಸೋಮವಾರ ಅವನ ಮುಖ ನೋಡ್ಬೇಕಲ್ಲ ಅನ್ನೋದೇ ದೊಡ್ಡ ಸಂಕಟ. ಒಳ್ಳೆ ಹುಡುಗನೇ, ಆದ್ರೆ 1911ರಲ್ಲಿ ಬಗಾನ್ ಬರಿಗಾಲಲ್ಲಿ ಬ್ರಿಟಿಷರ ರೆಜಿಮೆಂಟ್‌ನ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿದ್ದನ್ನ ತಾನೇ ಆಡಿದಂಗೆ ಹೇಳ್ತಾನೆ. ಒಂದಿನ "ನಿಮ್ಮೂರಿಗೆ ಫುಟ್‌ಬಾಲ್ ಬಂದಿದ್ದೇ 2013ರಲ್ಲಿ, ಬಿಎಫ್‌ಸಿ ಹುಟ್ಟಿದ್ಮೇಲೆ" ಅಂದ್ಬಿಟ್ಟ. ನಾನು ಬಿಡ್ತೀನಾ, ಗುರೂ 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ಅನ್ನೋ ಟೀಮು ನಿಮ್ಮ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗನ್ನೇ ಫೈನಲಲ್ಲಿ ಸೋಲಿಸಿ ರೋವರ್ಸ್ ಕಪ್ ತಂದಿತ್ತು, ಮಾರನೇ ವರ್ಷ ಇನ್ನೊಂದು ಸಲ ತಂತು, 1946-47ರಲ್ಲಿ ಮೈಸೂರು ಟೀಮು ನಿಮ್ ಬಂಗಾಲವನ್ನೇ ಹೊಡ್ದು ಸಂತೋಷ್ ಟ್ರೋಫಿ ಗೆದ್ದಿತ್ತು, ಆಸ್ಟಿನ್ ಟೌನಲ್ಲಿ ಹೋಗಿ ಕೇಳು ಅಂತ ಹೇಳಿ ಬಾಯಿ ಮುಚ್ಚಿಸ್ದೆ. ಆದ್ರೆ ಸೋಮವಾರ ಅದ್ಯಾವುದೂ ನಡ್ಯಲ್ಲ. ಅವನು ಏನೂ ಹೇಳಲ್ಲ, ರಸಗುಲ್ಲದ ಡಬ್ಬ ತಂದು ನನ್ ಟೇಬಲ್ ಮೇಲೆ ಇಟ್ಟು ಹೋಗ್ತಾನೆ. 2023ರಲ್ಲೂ ಹಂಗೇ ಮಾಡಿದ್ದ. ನಾನು ಎರಡು ತಿಂದಿದ್ದೆ, ಏನ್ ಮಾಡ್ಲಿ ಚೆನ್ನಾಗಿತ್ತು.

ನ್ಯಾಯವಾಗಿ ಹೇಳ್ಬೇಕಂದ್ರೆ ಅವರು ಈ ವರ್ಷ ನಮಗಿಂತ ಒಳ್ಳೆ ಟೀಮು. ಲೀಗಲ್ಲಿ 56 ಪಾಯಿಂಟು, ಲೀಗಲ್ಲಿ ಮೊದಲು ಬಂದೋರಿಗೆ ಕೊಡೋ ಶೀಲ್ಡ್ ಆಗ್ಲೇ ಅವರದ್ದು, ನಾವು 38ಕ್ಕೆ ಮೂರನೇವ್ರು. ಅದಕ್ಕೇ ಫೈನಲ್ ಅವರ ಮನೇಲಿ. ಅವರ ಕೈಲಿ ಸೋತಿದ್ದಕ್ಕೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ, ಆದ್ರೆ 3-0 ಸೋತಿದ್ರೆ ನಾನು ಈ ಹೊತ್ತಿಗೆ ಗೊರಕೆ ಹೊಡೀತಿದ್ದೆ. ಹೋದ ಸೆಪ್ಟೆಂಬರಲ್ಲಿ ಕಂಠೀರವದಲ್ಲಿ ಇದೇ ಬಗಾನಿಗೆ ನಾವು 3-0 ಹೊಡ್ದಿದ್ವಲ್ಲ, ಅವತ್ತು ಮೊದಲನೇ ಗೋಲ್ ಆದ್ಮೇಲೂ ಎರಡನೇದಕ್ಕೆ ಓಡಿದ್ರು, ಎರಡನೇದಾದ್ಮೇಲೂ ಮೂರನೇದಕ್ಕೆ ಓಡಿದ್ರು. ಗೊತ್ತಿಲ್ದೇ ಇರೋ ವಿದ್ಯೆ ಅಲ್ಲ ಅದು. ಈ ಪ್ಲೇಆಫಲ್ಲೇ ಮುಂಬೈಗೆ ಐದು ಹಾಕಿದ್ರಲ್ಲೋ, ಐದು! ಅದೇ ಹುಡುಗ್ರು ಫೈನಲ್ ಅಂದ ತಕ್ಷಣ ಮನೇಗೆ ಬಂದ ನೆಂಟರ ಮುಂದೆ ಸೋಫಾ ತುದೀಲಿ ಕೂರೋ ಥರ ಆಡ್ತಾರೆ.

ಗುರುವಾರ ಚಿನ್ನಸ್ವಾಮಿಲಿ ನಮ್ ಕೆ.ಎಲ್. ರಾಹುಲ್ಲೇ ಡೆಲ್ಲಿ ಜೆರ್ಸಿ ಹಾಕ್ಕೊಂಡು 93 ಹೊಡ್ದು ಆರ್‌ಸಿಬಿನ ಮುಗಿಸ್ದ, ಶನಿವಾರ ಇದು. ಇವತ್ತು ಮಧ್ಯಾಹ್ನ ಜೈಪುರದಲ್ಲಿ ಆರ್‌ಸಿಬಿ ಮ್ಯಾಚ್ ಇದೆ, ನೋಡಲ್ಲ ಅಂತ ಈಗ ಹೇಳ್ತಿದೀನಿ, ನೋಡ್ತೀನಿ ಅಂತ ನಿಂಗೂ ಗೊತ್ತು.

ಸರಿ, ಹಾಲಿನವನ ಗಾಡಿ ಸೌಂಡ್ ಬಂತು. ಒಂದೇ ಒಂದು ಕೆಲ್ಸ ಮಾಡು. ಆ 2015ರ ಟಿಕೆಟ್ ನಿನ್ ಹತ್ರ ಇನ್ನೂ ಇದೆ ಅಂತ ನಂಗೆ ಗ್ಯಾರಂಟಿ, ನೀನು ಬಸ್ ಟಿಕೆಟ್ ಕೂಡ ಬಿಸಾಕೋನಲ್ಲ. ಹುಡುಕು. ಸಿಕ್ಕಿದ್ರೆ ಫೋಟೋ ತೆಗ್ದು ಕಳಿಸ್ಬೇಡ, ಇಟ್ಕೋಬೇಡ, ನಿಮ್ಮನೆ ಅಡುಗೆಮನೇಲಿ ಸಿಂಕ್ ಒಳಗೆ ಹಾಕಿ ಸುಟ್ಬಿಡು, ಸ್ಮೋಕ್ ಅಲಾರಂ ಆಫ್ ಮಾಡಿ. ಹೆಂಡ್ತಿ ಕೇಳಿದ್ರೆ ನನ್ ಹೆಸರು ಹೇಳು.

ಇಂತಿ
ನಿನ್ನ ಹೆಲ್ಮೆಟ್ ಪಕ್ಕ ನಿಂತಿದ್ದೋನು