ಜೊತೆಗೆ ಯಾರೂ ಬಂದಿಲ್ವಾ?

ಮಾನ್ಯ ಸಂಪಾದಕರೇ,

ಮಂಗಳವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಸರ್ಕಲ್ ಬಳಿಯ ಬ್ಯಾಂಕಿನ ಸುದ್ದಿ ಬಂದಿತ್ತು. ಈಗ ಅದು ‘ವಿಶೇಷಚೇತನ ಸ್ನೇಹಿ ಶಾಖೆ’ಯಂತೆ. ರ‍್ಯಾಂಪಿನ ಮುಂದೆ ರಿಬ್ಬನ್ ಕತ್ತರಿಸುವ ಫೋಟೊನೂ ಇದೆ ಅಂತ ಪಕ್ಕದ ಮನೆ ಹುಡುಗಿ ಓದಿ ಹೇಳಿದಳು. ಫೋಟೊದಲ್ಲಿ ಒಂಬತ್ತು ಜನ ಇದ್ದಾರಂತೆ. ಅವರಲ್ಲಿ ನಮ್ಮಂಥವರು ಎಷ್ಟು ಜನ ಇದ್ದಾರೆ ನೋಡು ಅಂದೆ. ‘ಯಾರೂ ಕಾಣಿಸ್ತಿಲ್ಲ ಆಂಟಿ’ ಅಂದಳು. ಕಾಣಿಸದೇ ಇರೋದು ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಆ ಸುದ್ದಿ ನಂಬಿಕೊಂಡು ನಿನ್ನೆ ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಫೋನಿಗೆ ಹೇಳಿ ಇದನ್ನು ಬರೆಸುತ್ತಿದ್ದೇನೆ. ನಾನು ಶಾಖೆ ಅಂದರೆ ಅದು ಒಂದು ಸಾರಿ ‘ಶಾಕ್’ ಅಂತ ಬರೆದುಕೊಂಡಿತ್ತು. ಅದೂ ತಪ್ಪೇನಲ್ಲ ಬಿಡಿ. ಮೂವತ್ತೊಂದು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು ನಾನು. ಇನ್ನೇನಾದರೂ ತಪ್ಪು ಉಳಿದಿದ್ದರೆ ದಯವಿಟ್ಟು ನೀವೇ ತಿದ್ದಿಕೊಳ್ಳಿ.

ನನಗೆ ಗ್ಲಾಕೋಮಾ, ಕಣ್ಣಿನ ಕಾಯಿಲೆ. ನೋವಿಲ್ಲ, ಕೆಂಪಾಗಲ್ಲ, ಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತಾ ಬಂತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಈಗ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಯಜಮಾನರು ತೀರಿಕೊಂಡು ಆರು ವರ್ಷ, ಮಗಳು ಪುಣೆಯಲ್ಲಿ. ಒಬ್ಬಳೇ ಇದ್ದೇನೆ, ಚೆನ್ನಾಗಿದ್ದೇನೆ.

ಮನೆಯ ಛಾವಣಿ ಸೋರುತ್ತಿದೆ. ರಿಪೇರಿಯವರಿಗೆ ಚೆಕ್ ಕೊಡಬೇಕಿತ್ತು, ಚೆಕ್ ಬುಕ್ ಖಾಲಿ. ಹೊಸದು ಕೇಳಲು, ಹಾಗೇ ಸ್ವಲ್ಪ ದುಡ್ಡು ತೆಗೆಯಲು ಆಟೊ ಹಿಡಿದು ಹೋದೆ. ಮೊದಲು ಆ ರ‍್ಯಾಂಪಿನ ಕಥೆ ಕೇಳಿ. ಬಿಳಿ ಕೋಲು ನೆಲದಲ್ಲಿರುವುದನ್ನು ಹೇಳುತ್ತದೆ, ಎದೆ ಮಟ್ಟದಲ್ಲಿರುವುದನ್ನು ಹೇಳಲ್ಲ. ಕೋಲು ಸಲೀಸಾಗಿ ಮುಂದೆ ಹೋಯಿತು, ನಾನೂ ಹೋದೆ. ಸ್ಕೂಟರಿನ ಹ್ಯಾಂಡಲ್ ಎದೆಗೆ ಬಡಿಯಿತು. ಕೋಲು ಸ್ಕೂಟರಿನ ಅಡಿಯಲ್ಲಿ ನುಸುಳಿತ್ತು. ಉದ್ಘಾಟನೆಯಾಗಿ ಎರಡೇ ದಿನಕ್ಕೆ ರ‍್ಯಾಂಪಿನ ಮೇಲೆ ಸ್ಕೂಟರ್! ‘ನೋಡ್ಕೊಂಡು ಬರಬಾರದಾ ಅಮ್ಮ’ ಅಂತ ಸೆಕ್ಯುರಿಟಿಯವನು ಬುದ್ಧಿ ಬೇರೆ ಹೇಳಿದ. ಆಯ್ತಪ್ಪ, ಮುಂದಿನ ಸಲ ನೋಡ್ಕೊಂಡು ಬರ್ತೀನಿ ಅಂದೆ.

ಒಳಗೆ ಅಧಿಕಾರಿ ಮೊದಲು ಕೇಳಿದ್ದು, ‘ಜೊತೆಗೆ ಯಾರೂ ಬಂದಿಲ್ವಾ?’ ಇಲ್ಲ ಅಂದೆ. ನಂಬಲಿಲ್ಲ ಅಂತ ಕಾಣುತ್ತೆ. ಚಿಲ್ಲರೆ ಕೊಡಲು ನನ್ನ ಹಿಂದೆಯೇ ಬಂದಿದ್ದ ಆಟೊದವನನ್ನು ಹಿಡಿದುಕೊಂಡು, ‘ಇವರಿಗೆ ಏನು ಬೇಕಂತೆ?’ ಅಂತ ಕೇಳಿದರು. ಆಟೊದವನು ಪಾಪ, ‘ನಂಗೇನು ಗೊತ್ತು ಸಾರ್, ಅವರನ್ನೇ ಕೇಳಿ’ ಅಂದ. ಆ ಶಾಖೆಯಲ್ಲಿ ನಿನ್ನೆ ಕೇಳಿದ ಬುದ್ಧಿವಂತ ಮಾತು ಅದೊಂದೇ.

ಚೆಕ್ ಬುಕ್ ಕೇಳಿದೆ. ‘ನಿಮ್ಮಂಥವರಿಗೆ ಚೆಕ್ ಬುಕ್ ಕೊಡಲ್ಲ ಮೇಡಂ, ಮಗಳನ್ನು ಸೇರಿಸಿ ಜಾಯಿಂಟ್ ಅಕೌಂಟ್ ಮಾಡಿಸಿ, ನಿಮ್ಮ ಸೇಫ್ಟಿಗೇ ಹೇಳ್ತಿದೀನಿ.’ ನನ್ನ ದುಡ್ಡು, ನನ್ನ ಪಿಂಚಣಿ. ಹಿಂದಿನ ಚೆಕ್ ಬುಕ್ ಕೊಟ್ಟಿದ್ದೂ ಇದೇ ಶಾಖೆ. ಆಗ ಕೈಯಲ್ಲಿ ಕೋಲು ಇರಲಿಲ್ಲ ಅಷ್ಟೇ. ಇಂಥದ್ದು ಆಗಬಹುದು ಅಂತ ಫೋನಿನಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಇಟ್ಟುಕೊಂಡೇ ಓಡಾಡುತ್ತೇನೆ. 2008ರ ಜೂನ್ 4ರದ್ದು. ದೃಷ್ಟಿ ಇಲ್ಲದವರಿಗೂ ಚೆಕ್ ಬುಕ್, ಎಟಿಎಂ, ಲಾಕರ್, ಸಾಲ ಎಲ್ಲವನ್ನೂ ಭೇದ ಮಾಡದೆ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಫೋನಿನಿಂದಲೇ ಜೋರಾಗಿ ಓದಿಸಿದೆ. ಬ್ಯಾಂಕಿನೊಳಗೆ ಎಲ್ಲರೂ ಗಪ್‌ಚುಪ್. ಅಧಿಕಾರಿ ಎಲ್ಲಾ ಕೇಳಿಸಿಕೊಂಡು, ‘ಅದು ಹಳೇ ಸರ್ಕ್ಯುಲರ್ ಮೇಡಂ’ ಅಂದರು. ಹಳೆಯದಾದರೆ ಆ ನಿಯಮವೇ ಇಲ್ಲ ಅಂತಲಾ? ನನ್ನ ಖಾತೆಯೂ ಹಳೆಯದೇ, 1989ರದ್ದು. ಅದನ್ನೂ ಮುಚ್ಚಿಬಿಡಲಿ.

ಆಮೇಲೆ ಸಹಿಯ ತಕರಾರು. ಹೆಬ್ಬೆಟ್ಟು ಒತ್ತಿ, ಇಬ್ಬರು ಸಾಕ್ಷಿ ತನ್ನಿ ಅಂದರು. ನನ್ನ ಪರ್ಸಿನಲ್ಲಿ ಒಂದು ಪಟ್ಟಿ ಇದೆ. ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಮಾಡಿದ್ದು, ನಡುವೆ ಉದ್ದಕ್ಕೆ ಒಂದು ಕಿಂಡಿ. ಸಹಿ ಹಾಕುವ ಜಾಗದ ಮೇಲೆ ಯಾರಾದರೂ ಅದನ್ನು ಇಟ್ಟುಕೊಟ್ಟರೆ ಸಾಕು, ಕಿಂಡಿಯೊಳಗೆ ಸಾಲು ತಪ್ಪದೆ ಸಹಿ ಹಾಕುತ್ತೇನೆ. ಅಲ್ಲೇ ಹಾಕಿ ತೋರಿಸಿದೆ. ಕಂಪ್ಯೂಟರಿನಲ್ಲಿದ್ದ ಸಹಿಗೂ ಅದಕ್ಕೂ ತಾಳೆಯಾಯಿತು ಅಂತ ಅವರೇ ಒಪ್ಪಿಕೊಂಡರು. ಆದರೂ ‘ಮೇಲಿನವರನ್ನು ಕೇಳಿ ಹೇಳ್ತೀವಿ’. ಮೇಲಿನವರು ಯಾವ ಮಹಡಿಯಲ್ಲಿದ್ದಾರೋ ಗೊತ್ತಿಲ್ಲ, ಆ ಕಟ್ಟಡಕ್ಕೆ ಇರುವುದು ಒಂದೇ ಮಹಡಿ.

ದುಡ್ಡು ತೆಗೆಯುವುದೂ ಅಷ್ಟೇ ಆಯ್ತು. ಆರು ಸಾವಿರ ಕೇಳಿದ್ದೆ. ಐನೂರು, ಇನ್ನೂರು, ನೂರು ಎಲ್ಲಾ ಕಲಸಿ ತಳ್ಳಿದರು. ಐನೂರರ ನೋಟು 150 ಮಿಲಿಮೀಟರ್ ಉದ್ದ, ಇನ್ನೂರರದ್ದು 146, ನೂರರದ್ದು 142. ಅಗಲ ಮೂರಕ್ಕೂ ಒಂದೇ. ಉದ್ದದಲ್ಲಿ ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ ಬರೀ ನಾಲ್ಕು ಮಿಲಿಮೀಟರ್. ಹಾಗಾಗಿ ಐನೂರನ್ನು ಮಡಿಸಲ್ಲ, ಇನ್ನೂರನ್ನು ಉದ್ದಕ್ಕೆ ಮಡಿಸುತ್ತೇನೆ, ನೂರನ್ನು ಅಡ್ಡಕ್ಕೆ. ಕೌಂಟರಿನಲ್ಲೇ ಒಂದೊಂದು ನೋಟನ್ನು ಫೋನಿನ ಮುಂದೆ ಹಿಡಿದೆ. ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ಅದು, 2020ರ ಜನವರಿ 1ರಿಂದ ಇದೆ, ದುಡ್ಡೇನೂ ಕೊಡಬೇಕಾಗಿಲ್ಲ. ಅದು ನೋಟು ಗುರುತಿಸಿ ಹೇಳುವವರೆಗೆ ಹಿಂದಿದ್ದವರಿಗೆ ತಡೆಯಲಾಗಲಿಲ್ಲ. ‘ಅಜ್ಜಿ, ಮನೆಗೆ ಹೋಗಿ ಎಣಿಸ್ಕೊಳ್ಳಿ’ ಅಂದ ಒಬ್ಬ. ನನಗೆ ಅರವತ್ತೆರಡು. ದನಿ ಕೇಳಿದರೆ ಅವನಿಗೂ ಐವತ್ತು ದಾಟಿರಬೇಕು.

ಎಟಿಎಂ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಟಿಎಂಗಳೆಲ್ಲ ಮಾತಾಡಬೇಕು, ಕೀಲಿಗಳ ಮೇಲೆ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಇಲ್ಲಿಯದೂ ಮಾತಾಡುವ ಯಂತ್ರವೇ ಅಂತೆ. ಇಯರ್‌ಫೋನ್ ತೆಗೆದುಕೊಂಡು ಹೋದೆ. ಅದನ್ನು ಚುಚ್ಚುವ ತೂತಿನೊಳಗೆ ಯಾರೋ ಕಾಗದ ತುರುಕಿದ್ದಾರೆ. ಸೆಕ್ಯುರಿಟಿಯವನು ಬಂದು ‘ಪಿನ್ ಹೇಳಿ ಅಮ್ಮ, ನಾನೇ ಒತ್ತುತೀನಿ’ ಅಂದ. ಪಿನ್ ಯಾರಿಗೂ ಹೇಳಬೇಡಿ ಅಂತ ದಿನಾ ಮೆಸೇಜ್ ಕಳಿಸುವುದೂ ಇದೇ ಬ್ಯಾಂಕ್.

ಇಷ್ಟೆಲ್ಲಾ ಮುಗಿಸಿ ಮನೆಗೆ ಬಂದು ನಾನೇ ಕಾಫಿ ಮಾಡಿಕೊಂಡೆ. ಹೌದು, ನಾನೇ, ಜೊತೆಗೆ ಯಾರೂ ಇಲ್ಲದೆ. ಹಾಲಿನ ಪಾತ್ರೆಯೊಳಗೆ ಸಣ್ಣ ತಟ್ಟೆ ಬೋರಲು ಹಾಕಿದರೆ ಕುದಿ ಬಂದಾಗ ಕಟಕಟ ಅನ್ನುತ್ತದೆ. ಇದನ್ನು ನನ್ನ ಅತ್ತೆ ಕಣ್ಣಿದ್ದೂ ಮಾಡುತ್ತಿದ್ದರು. ಲೋಟದ ಅಂಚಿಗೆ ಬೆರಳು ಇಟ್ಟು ಸುರಿದರೆ ಚೆಲ್ಲಲ್ಲ. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಜೀರಿಗೆ, ಮೆಂತ್ಯಕ್ಕೆ ಮೂಗೇ ಸಾಕು. ಕೋಲು ಹಿಡಿಯುವುದನ್ನೂ ಫೋನ್ ಬಳಸುವುದನ್ನೂ ನಾಲ್ಕು ತಿಂಗಳು ಕೂತು ಕಲಿತೆ. ಮಗಳು ಪುಣೆಗೆ ಬಾ ಅಂತ ಅತ್ತಳು, ಹೋಗಲಿಲ್ಲ. ಮನೆಯೊಳಗೆ ನನಗೆ ಕಷ್ಟವೇ ಇಲ್ಲ ಕಣ್ರೀ. ಗೇಟು ದಾಟಿದ ಮೇಲೆ ಕಣ್ಣಿರುವವರ ಕಾಟ ಶುರು.

ಇದೇನು ಮೊದಲ ಸಲವೂ ಅಲ್ಲ. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಹೋದ ಸಲ ಫೋನಿನಲ್ಲಿ ಮುಖ ತೋರಿಸಿ ಅಂದರು. ಮುಖವನ್ನು ವೃತ್ತದೊಳಗೆ ಇಡಿ, ಕಣ್ಣು ಮಿಟುಕಿಸಿ. ವೃತ್ತ ಎಲ್ಲಿದೆ ಅಂತ ಹೇಳುವವರಿಲ್ಲ. ಹದಿನೇಳು ಸಲ ಮಿಟುಕಿಸಿದೆ, ಬದುಕಿದ್ದೇನೆ ಅಂತ ಅದು ಒಪ್ಪಲೇ ಇಲ್ಲ. ಕೆವೈಸಿಗೆ ಕಣ್ಣು ಮಿಟುಕಿಸುವುದೊಂದೇ ದಾರಿ ಆಗಬಾರದು, ಬೇರೆ ದಾರಿಯೂ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದೇ ಹೇಳಿದೆ. ದೆಹಲಿಯಿಂದ ನಮ್ಮೂರಿಗೆ ರೈಲು ಎರಡು ದಿನದಲ್ಲಿ ಬರುತ್ತೆ, ತೀರ್ಪು ಇನ್ನೂ ದಾರಿಯಲ್ಲೇ ಇದೆ.

ಮತಗಟ್ಟೆಯದೂ ಇದೇ ಹಾಡು. ಯಂತ್ರದಲ್ಲಿ ಬ್ರೈಲ್ ಅಂಕಿ ಇರುತ್ತೆ, ನನಗೆ ಓದಲೂ ಬರುತ್ತೆ. ‘ಯಾರಿಗೆ ಅಂತ ಹೇಳಿ, ನಾನೇ ಒತ್ತಲಾ?’ ಅಂದರು ಅಲ್ಲಿದ್ದವರು. ಮೈಸೂರಿನ ಸಿಟಿ ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಅಂತ ತಂದರು, ಬಸ್ಸೇ ತನ್ನ ನಂಬರ್ ಹೇಳುತ್ತದೆ. ನಮ್ಮೂರಲ್ಲಿ ಇದು ಯಾವ ಬಸ್ಸು ಅಂತ ಕಂಡಕ್ಟರನ್ನು ಕೇಳಿದರೆ ‘ಬೋರ್ಡ್ ಇದೆಯಲ್ಲ, ನೋಡಿ’ ಅಂತಾನೆ. ಹಳೇ ಪೋಸ್ಟ್ ಆಫೀಸ್ ಎದುರಿನ ಚರಂಡಿ ಚಪ್ಪಡಿ ಬಿದ್ದು ಎರಡು ಮಳೆಗಾಲ ಆಯ್ತು. ಅರ್ಜಿ ಕೊಟ್ಟಿದ್ದೆ. ‘ಗಮನಕ್ಕೆ ಬಂದಿದೆ’ ಅಂತ ಉತ್ತರ ಬಂತು. ಅವರ ಗಮನಕ್ಕೆ ಬಂತು, ನನ್ನ ಕಾಲಿಗೂ ಬಂತು. ಆ ಗಾಯದ ಗುರುತು ಇನ್ನೂ ಇದೆ. ವರ್ಷಕ್ಕೊಮ್ಮೆ ಡಿಸೆಂಬರ್ 3ಕ್ಕೆ, ವಿಶೇಷಚೇತನರ ದಿನ ಅಂತ, ಕರೆದು ಶಾಲು ಹೊದಿಸುತ್ತಾರೆ, ಒಂದು ಬಾಳೆಹಣ್ಣು ಕೊಡುತ್ತಾರೆ. ವೇದಿಕೆಗೆ ಏಳು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ.

ಈಗ ನನ್ನ ಬೇಡಿಕೆ. ಬ್ಯಾಂಕಿನವರು ತಪ್ಪಾಯ್ತು ಅಂತ ಹೇಳಬೇಕು. ಹೇಳದಿದ್ದರೂ ಪರವಾಗಿಲ್ಲ, ಚೆಕ್ ಬುಕ್ ಕೊಡಲಿ. ಸಂಬಂಧಪಟ್ಟವರು ಗಮನಿಸಲಿ ಅಂತ ಬರೆಯೋಣ ಅಂದುಕೊಂಡೆ, ಸಂಬಂಧಪಟ್ಟವರು ಯಾರು ಅಂತಲೇ ಇಷ್ಟು ವರ್ಷದಲ್ಲಿ ಗೊತ್ತಾಗಿಲ್ಲ. ನಿಮ್ಮ ವರದಿಗಾರರಿಗೂ ಒಂದು ಮಾತು. ರಿಬ್ಬನ್ ಕತ್ತರಿಸುವಾಗ ಬಂದಿದ್ದೀರಿ, ಸಂತೋಷ. ನಾಳೆ ಹನ್ನೊಂದು ಗಂಟೆಗೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ, ಆಗಲೂ ಬನ್ನಿ. ಫೋಟೊದಲ್ಲಿದ್ದ ಆ ಒಂಬತ್ತು ಜನರನ್ನೂ ಕರೆತನ್ನಿ. ಅಷ್ಟರೊಳಗೆ ರ‍್ಯಾಂಪಿನ ಮೇಲಿನ ಸ್ಕೂಟರ್ ಯಾರದೋ ಅವರು ತೆಗೆದಿರಬೇಕು. ಇಲ್ಲದಿದ್ದರೆ ನನ್ನ ಕೋಲು ಕಬ್ಬಿಣದ್ದೇ ಅಂತ ಈಗಲೇ ಹೇಳಿರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ,
ಹಳೇ ಪೋಸ್ಟ್ ಆಫೀಸ್ ಹಿಂದಿನ ರಸ್ತೆ